ಗಿಟಾರಿನ ಒಳತಂತಿಗಳು

ಎಡ್ಡಿ ವ್ಯಾನ್ ಹೇಲನ್ ಕೈಯಾರೆ ಜೋಡಿಸಿಕೊಂಡ ‘ಫ್ರ್ಯಾಂಕನ್‌ಸ್ಟ್ರ್ಯಾಟ್’ ಗಿಟಾರಿನಲ್ಲಿ ಇದ್ದದ್ದು ಒಂದೇ ನಾಬ್. ಅದರ ಮೇಲೆ ‘ಟೋನ್’ ಎಂದು ಬರೆದಿತ್ತು. ಮಾಡುತ್ತಿದ್ದ ಕೆಲಸ ಮಾತ್ರ ವಾಲ್ಯೂಮಿನದು. ರಾಕ್ ಸಂಗೀತದ ಅಭಿಮಾನಿಗಳು ಇದನ್ನೊಂದು ಸ್ವಾರಸ್ಯದ ಸಂಗತಿಯೆಂದು ಹೇಳಿಕೊಳ್ಳುತ್ತಾರೆ. ನನಗೆ ಅದರಲ್ಲಿ ಸ್ವಾರಸ್ಯಕ್ಕಿಂತ ನಿಜವೇ ಹೆಚ್ಚಾಗಿ ಕಾಣುತ್ತದೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ವಾಲ್ಯೂಮ್ ಬೇರೆ, ಟೋನ್ ಬೇರೆ ಎಂದು ಗೆರೆ ಎಳೆಯಲು ಬರುವುದಿಲ್ಲ. ಒಂದನ್ನು ತಿರುಗಿಸಿದರೆ ಇನ್ನೊಂದೂ ಅಲುಗುತ್ತದೆ. ಏಕೆ ಹೀಗೆ ಎಂದು ತಿಳಿಯಬೇಕಾದರೆ ಗಿಟಾರಿನ ಹೊಟ್ಟೆಯನ್ನು ಬಿಚ್ಚಿ ನೋಡಬೇಕು.

ಕಾಲೇಜು ಬ್ಯಾಂಡ್‌ನಿಂದ ಹಿಡಿದು ಗಣೇಶೋತ್ಸವದ ಆರ್ಕೆಸ್ಟ್ರಾದವರೆಗೆ, ಗಿಟಾರ್ ಹಿಡಿದ ಅನೇಕರು ಎಲ್ಲ ನಾಬ್‌ಗಳನ್ನೂ ಹತ್ತಕ್ಕೆ ತಿರುಗಿಸಿ ಅಲ್ಲಿಗೇ ಬಿಟ್ಟುಬಿಡುತ್ತಾರೆ. ನಾದ ಬದಲಾಗಬೇಕೆನಿಸಿದರೆ ಕಾಲಡಿಯ ಪೆಡಲ್ ಒತ್ತುತ್ತಾರೆ. ಅದೂ ಸಾಲದಾದರೆ ಹೊಸ ಪಿಕಪ್ ಕೊಳ್ಳುವ ಲೆಕ್ಕ ಹಾಕುತ್ತಾರೆ. ಕೈಯಡಿಯಲ್ಲೇ ಇರುವ ಎರಡು, ಮೂರು, ನಾಲ್ಕು ನಾಬ್‌ಗಳ ಬಗ್ಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಹೇಳಿಕೊಡಬೇಕಾದದ್ದು ಬೇಕಾದಷ್ಟಿದೆ.

ಮೊದಲು ಸದ್ದು ಹುಟ್ಟುವ ಜಾಗದಿಂದ ಶುರುಮಾಡೋಣ. ಗಿಟಾರಿನ ತಂತಿ ಉಕ್ಕಿನದು, ಅದರ ಕೆಳಗೆ ಪಿಕಪ್. ಪಿಕಪ್ ಎಂದರೆ ಕಾಂತ ಮತ್ತು ಅದನ್ನು ಸುತ್ತಿದ ತಾಮ್ರದ ಎಳೆ, ಅಷ್ಟೇ. ಸ್ಟ್ರ್ಯಾಟೊಕ್ಯಾಸ್ಟರ್ ಗಿಟಾರಿನ ಒಂದು ಪಿಕಪ್‌ನಲ್ಲಿ ಆ ಎಳೆ ಸುಮಾರು 8,000 ಸುತ್ತು ಇರುತ್ತದೆ. ಎಳೆಯ ದಪ್ಪ 0.06 ಮಿಲಿಮೀಟರಿನ ಆಸುಪಾಸು. ಉಕ್ಕಿನ ತಂತಿ ಮಿಡಿದಾಗ ಕಾಂತದ ಕ್ಷೇತ್ರ ಕದಡುತ್ತದೆ, ಕದಡಿದ ಕ್ಷೇತ್ರ ಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ನಿಯಮವೇ ಇದು. ಹೀಗೆ ಹುಟ್ಟುವ ವಿದ್ಯುತ್ತು ಬಲು ಸಣ್ಣದು, ಒಂದು ವೋಲ್ಟಿನ ಹತ್ತನೇ ಒಂದು ಪಾಲಿನ ಸುತ್ತಮುತ್ತ. ಸಾಮಾನ್ಯ ಗಿಟಾರಿನ ಒಳಗೆ ಬ್ಯಾಟರಿ ಇರುವುದಿಲ್ಲ. ಹಾಗಾಗಿ ಅಲ್ಲಿರುವ ಯಾವ ನಾಬ್‌ಗೂ ಏನನ್ನೂ ಕೂಡಿಸುವ ಶಕ್ತಿಯಿಲ್ಲ, ಇರುವುದರಲ್ಲಿ ಕಳೆಯುವ ಶಕ್ತಿ ಮಾತ್ರ ಇದೆ. ನಾಬ್ ಹತ್ತರಲ್ಲಿದೆ ಎಂದರೆ ಕಳೆಯುವುದು ತೀರಾ ಕಡಿಮೆ ಎಂದರ್ಥ, ಏನೂ ಕಳೆಯುತ್ತಿಲ್ಲ ಎಂದಲ್ಲ. ಈ ಮಾತಿಗೆ ಮತ್ತೆ ಬರುತ್ತೇನೆ.

ಈ ನಾಬ್‌ಗಳೆಲ್ಲ ಗಿಟಾರಿಗೆ ಬಂದದ್ದು ರೇಡಿಯೊದಿಂದ. 1936ರ ಗಿಬ್ಸನ್ ಇಎಸ್-150ರಲ್ಲಿ ಆಗಲೇ ಒಂದು ವಾಲ್ಯೂಮ್, ಒಂದು ಟೋನ್ ಇದ್ದವು. ಜಾಝ್ ಕಲಾವಿದ ಚಾರ್ಲಿ ಕ್ರಿಶ್ಚಿಯನ್ ಹೆಸರು ಮಾಡಿದ್ದು ಅದೇ ಗಿಟಾರಿನಲ್ಲಿ. ಆದರೆ ರೇಡಿಯೊ ನಂಟು ಎದ್ದು ಕಾಣುವುದು ಲಿಯೊ ಫೆಂಡರ್ ಬದುಕಿನಲ್ಲಿ. ಆತ ಓದಿದ್ದು ಲೆಕ್ಕಪತ್ರ. ಕೆಲಸ ಕಳೆದುಕೊಂಡ ಮೇಲೆ 1938ರಲ್ಲಿ ಕ್ಯಾಲಿಫೋರ್ನಿಯದ ಫುಲರ್ಟನ್ ಊರಿನಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದ. ಗಿಟಾರ್ ನುಡಿಸಲು ಆತನಿಗೆ ಬರುತ್ತಿರಲಿಲ್ಲ. ಟೆಲಿಕಾಸ್ಟರ್, ಪ್ರಿಸಿಷನ್ ಬಾಸ್, 1954ರ ಸ್ಟ್ರ್ಯಾಟೊಕ್ಯಾಸ್ಟರ್ ಎಲ್ಲವೂ ಅವನ ಕಾರ್ಖಾನೆಯವೇ. ಅವುಗಳ ಒಳಗೆ ಕುಳಿತದ್ದು ಅವನ ಅಂಗಡಿಯ ಡಬ್ಬಿಗಳಲ್ಲಿ ಇರುತ್ತಿದ್ದಂಥ ಬಿಡಿಭಾಗಗಳು. ನಮ್ಮ ಮನೆಗಳಲ್ಲಿ ಹಿರಿಯರು ಆಕಾಶವಾಣಿ ಕೇಳುತ್ತಿದ್ದ ವಾಲ್ವ್ ರೇಡಿಯೊದಲ್ಲಿ ಇರುತ್ತಿತ್ತಲ್ಲ ಒಂದು ಟೋನ್ ನಾಬ್, ಅದರ ಹಿಂದಿನ ವಿದ್ಯೆಯೇ ಗಿಟಾರಿನ ಟೋನ್ ನಾಬ್‌ನ ಹಿಂದೆಯೂ ಇದೆ.

ಎಲ್ಲಿ ಯಾವ ನಾಬ್ ಇರಬೇಕು ಎಂಬುದೂ ಒಮ್ಮೆಗೇ ತೀರ್ಮಾನವಾಗಲಿಲ್ಲ. ಆರಂಭದ ಟೆಲಿಕಾಸ್ಟರಿನ ಎರಡನೇ ನಾಬ್ ಟೋನ್ ಆಗಿರಲಿಲ್ಲ, ಒಂದು ಪಿಕಪ್‌ನ ಸದ್ದಿಗೆ ಇನ್ನೊಂದರದನ್ನು ಬೆರೆಸುವ ನಾಬ್ ಆಗಿತ್ತು. ಪಿಕಪ್ ಆಯುವ ಸ್ವಿಚ್ಚಿನ ಒಂದು ತುದಿಯಲ್ಲಿ ಬಾಸ್ ವಾದ್ಯವನ್ನು ಅನುಕರಿಸುವಂಥ ಮಂದ್ರದ ಮಬ್ಬು ಸದ್ದು ಬರುವಂತೆ ತಂತಿ ಜೋಡಿಸಿದ್ದರು. 1952ರಲ್ಲಿ ಬೆರೆಸುವ ನಾಬ್ ಹೋಗಿ ಟೋನ್ ಬಂತು. ಆ ಮಬ್ಬು ಸದ್ದು ಹೋಗಲು ಮತ್ತೆ ಹದಿನೈದು ವರ್ಷದಷ್ಟು ಬೇಕಾಯಿತು.

ಈಗ ವಾಲ್ಯೂಮ್. ನಾಬ್ ಕಿತ್ತರೆ ಕಾಣುವುದು ಪೊಟೆನ್ಷಿಯೋಮೀಟರ್, ಆಡುಮಾತಿನಲ್ಲಿ ಪಾಟ್. ಅದಕ್ಕೆ ಮೂರು ಕಾಲು. ಎರಡು ತುದಿಗಾಲುಗಳ ನಡುವೆ ಲಾಳದಾಕಾರದ ಕಾರ್ಬನ್ ಪಟ್ಟಿ, ಅದರ ಮೇಲೆ ಜಾರುವ ಲೋಹದ ನಾಲಗೆಗೆ ಸೇರಿದ್ದು ನಡುಗಾಲು. ಒಂದು ತುದಿಗೆ ಪಿಕಪ್, ಇನ್ನೊಂದು ತುದಿಗೆ ಗ್ರೌಂಡ್, ನಡುಗಾಲಿನಿಂದ ಹೊರಟ ತಂತಿ ಜ್ಯಾಕಿಗೆ, ಅಲ್ಲಿಂದ ಕೇಬಲ್ ಹಿಡಿದು ಆ್ಯಂಪ್‌ಗೆ. ಕಾಲುವೆಯ ನೀರನ್ನು ತೂಬಿನಲ್ಲಿ ಪಾಲು ಮಾಡಿ ಒಂದಿಷ್ಟನ್ನು ಗದ್ದೆಗೆ ತಿರುಗಿಸಿ ಉಳಿದದ್ದನ್ನು ಹಳ್ಳಕ್ಕೆ ಬಿಡುವ ರೈತನ ಕೆಲಸವೇ ಇಲ್ಲಿ ನಾಲಗೆಯದು. ಪಿಕಪ್ ಕೊಟ್ಟ ವೋಲ್ಟೇಜಿನಲ್ಲಿ ಎಷ್ಟು ಪಾಲು ಹೊರಗೆ ಹೋಗಬೇಕೆಂದು ಅದು ನಿಂತ ಜಾಗ ತೀರ್ಮಾನಿಸುತ್ತದೆ. ಗ್ರೌಂಡ್ ಕಡೆಗೆ ಪೂರ್ತಿ ಜಾರಿಸಿದರೆ ಸದ್ದಿಲ್ಲ.

ಇಲ್ಲಿ ಕಿವಿಯ ಗುಣವೊಂದನ್ನು ಗಮನಿಸಬೇಕು. ವೋಲ್ಟೇಜನ್ನು ಸರಿ ಅರ್ಧ ಮಾಡಿದರೆ ಕಿವಿಗೆ ಸದ್ದು ಅರ್ಧವಾದಂತೆ ಕೇಳುವುದಿಲ್ಲ, 6 ಡೆಸಿಬೆಲ್ ಮಾತ್ರ ತಗ್ಗಿದ ಅದು ‘ಸ್ವಲ್ಪ ಕಡಿಮೆಯಾಯಿತು’ ಅನಿಸುತ್ತದೆ, ಅಷ್ಟೇ. ಆದ್ದರಿಂದ ಪಟ್ಟಿಯುದ್ದಕ್ಕೂ ರೋಧ ಒಂದೇ ಸಮನೆ ಏರುವ ‘ಲೀನಿಯರ್’ ಪಾಟ್ ಹಾಕಿದರೆ ಹತ್ತರಿಂದ ಮೂರರವರೆಗೆ ಹೆಚ್ಚೇನೂ ಆಗದೆ, ಕೊನೆಯ ಎರಡು ಅಂಕಿಗಳಲ್ಲಿ ಸದ್ದು ಧುತ್ತೆಂದು ಬಿದ್ದುಹೋಗುತ್ತದೆ. ‘ಆಡಿಯೊ’ ಪಾಟ್‌ನಲ್ಲಿ ಪಟ್ಟಿಯ ರೋಧ ಕಿವಿಯ ಗುಣಕ್ಕೆ ಹೊಂದುವಂತೆ ಬಾಗಿರುತ್ತದೆ. ನಾಬ್ ನಡುವಿಗೆ ಬಂದಾಗ ಹೊರಗೆ ಹೋಗುವುದು ಹತ್ತರಲ್ಲಿ ಒಂದು ಪಾಲು, ಹೆಚ್ಚೆಂದರೆ ಒಂದೂವರೆ ಪಾಲು. ಇತ್ತೀಚೆಗೆ ಬರುವ ಪಾಟ್‌ಗಳ ಮೇಲೆ ಇಂಗ್ಲಿಷಿನ ‘ಎ’ ಅಕ್ಷರವಿದ್ದರೆ ಸಾಮಾನ್ಯವಾಗಿ ಅದು ಆಡಿಯೊ, ‘ಬಿ’ ಇದ್ದರೆ ಲೀನಿಯರ್. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ‘500ಕೆ ಪಾಟ್ ಕೊಡಿ ಸರ್’ ಎಂದಷ್ಟೇ ಕೇಳಿದರೆ ಯಾವುದು ಬರುತ್ತದೋ ಹೇಳಲಾಗದು. ಅಕ್ಷರವನ್ನೂ ಸೇರಿಸಿ ಕೇಳಿ.

ಗಿಟಾರ್ ಕಲಿಯುವ ಹುಡುಗರಿಂದ ಮತ್ತೆ ಮತ್ತೆ ಕೇಳಿಬರುವ ದೂರು ಒಂದಿದೆ: “ಅಣ್ಣಾ, ವಾಲ್ಯೂಮ್ ಸ್ವಲ್ಪ ಇಳಿಸಿದ್ರೆ ಸೌಂಡೇ ಮಂಕಾಗ್ಬಿಡತ್ತೆ. ಕಂಬಳಿ ಹೊದಿಸಿದ ಹಾಗೆ ಕೇಳತ್ತೆ.” ಅವರ ಕಿವಿ ಸುಳ್ಳು ಹೇಳುತ್ತಿಲ್ಲ. ಗಿಟಾರಿನ ವೈರಿಂಗ್ ಬಗ್ಗೆ ಜನ ಇಷ್ಟೊಂದು ತಲೆ ಕೆಡಿಸಿಕೊಳ್ಳಲು ಬಹುಮಟ್ಟಿಗೆ ಇದೇ ಕಾರಣ. ಉತ್ತರ ಮಾತ್ರ ಗಿಟಾರಿನಲ್ಲಿಲ್ಲ, ಅದರಾಚೆಗಿನ ಕೇಬಲ್‌ನಲ್ಲಿದೆ.

ಗಿಟಾರ್ ಕೇಬಲ್‌ನೊಳಗೆ ನಡುವೆ ಒಂದು ತಂತಿ, ಅದರ ಸುತ್ತ ನೇಯ್ದ ಲೋಹದ ಹೊದಿಕೆ, ಎರಡರ ಮಧ್ಯೆ ವಿದ್ಯುತ್ ಹರಿಯದ ಪ್ಲಾಸ್ಟಿಕ್. ಎರಡು ವಾಹಕಗಳ ನಡುವೆ ಅವಾಹಕ ಇದ್ದರೆ ಅದು ಕೆಪಾಸಿಟರ್ ಆಗುತ್ತದೆ. ಯಾರೂ ಕೇಳದಿದ್ದರೂ ಪ್ರತಿ ಕೇಬಲ್ಲೂ ಒಂದು ಕೆಪಾಸಿಟರೇ. ಮೀಟರಿಗೆ 100 ಪಿಕೊಫ್ಯಾರಡ್ ಎಂದು ಹಿಡಿದರೆ ಆರು ಮೀಟರಿನ ಕೇಬಲ್‌ಗೆ 600. ಕೆಪಾಸಿಟರಿನ ಸ್ವಭಾವವೆಂದರೆ ಕಂಪನ ವೇಗವಾದಷ್ಟೂ ಸಲೀಸಾಗಿ ದಾರಿ ಬಿಡುವುದು. ಅಂದರೆ ತಾರದ ಅಂಶಗಳನ್ನು ಅದು ಸದ್ದಿಲ್ಲದೆ ಗ್ರೌಂಡಿಗೆ ಸಾಗಿಸುತ್ತಿರುತ್ತದೆ. ವಾಲ್ಯೂಮ್ ಹತ್ತರಲ್ಲಿದ್ದಾಗ ಪಿಕಪ್ ನೇರವಾಗಿ ಕೇಬಲ್‌ಗೆ ಕೂಡಿಕೊಂಡಿರುವುದರಿಂದ ಈ ಸೋರಿಕೆ ತಾಳಿಕೊಳ್ಳುವಷ್ಟಿರುತ್ತದೆ. ನಾಬ್ ಇಳಿಸಿದ ಕೂಡಲೇ ಪಿಕಪ್‌ಗೂ ಕೇಬಲ್‌ಗೂ ಮಧ್ಯೆ ಕಾರ್ಬನ್ ಪಟ್ಟಿಯ ಒಂದು ತುಂಡು ಅಡ್ಡ ನಿಲ್ಲುತ್ತದೆ. ರೋಧ ಮತ್ತು ಕೆಪಾಸಿಟರ್ ಸೇರಿದರೆ ತಾರವನ್ನು ಸೋಸಿ ತೆಗೆಯುವ ಫಿಲ್ಟರ್ ತಾನಾಗಿ ಹುಟ್ಟುತ್ತದೆ. 500 ಕಿಲೋ ಓಮ್ ಪಾಟ್‌ನಲ್ಲಿ ರೋಧವನ್ನು ಸರಿಪಾಲು ಮಾಡುವ ಜಾಗಕ್ಕೆ ನಾಲಗೆ ಬಂದಾಗ, ಪಿಕಪ್‌ನದನ್ನು ಬಿಟ್ಟು, ಕೇಬಲ್ ಕಾಣುವ ರೋಧ ಸುಮಾರು 125 ಕಿಲೋ ಓಮ್. 600 ಪಿಕೊಫ್ಯಾರಡ್ ಜೊತೆಗೆ ಲೆಕ್ಕ ಹಾಕಿದರೆ 2,100 ಹರ್ಟ್ಜ್ ಸುಮಾರಿನಿಂದಲೇ ತಾರ ಕರಗತೊಡಗುತ್ತದೆ. ಪಾಟ್ 250 ಕಿಲೋ ಓಮಿನದಾದರೆ ಆ ಗಡಿ 4,200 ಹರ್ಟ್ಜ್‌ಗೆ ಏರುತ್ತದೆ. ಗಿಬ್ಸನ್ ಕಂಪನಿಯ ಲೆಸ್ ಪಾಲ್ ಗಿಟಾರಿನಲ್ಲಿ ಸಾಮಾನ್ಯವಾಗಿ 500ರ ಪಾಟ್, ಸ್ಟ್ರ್ಯಾಟೊಕ್ಯಾಸ್ಟರಿನಲ್ಲಿ 250ರದು. ಲೆಸ್ ಪಾಲ್ ಗಿಟಾರಿನವರು ಈ ದೂರನ್ನು ಹೆಚ್ಚು ಹೇಳುವುದೂ ಸ್ಟ್ರ್ಯಾಟೊಕ್ಯಾಸ್ಟರಿನವರು ಕಡಿಮೆ ಹೇಳುವುದೂ ಇದಕ್ಕೇ.

ಪರಿಹಾರ ಎರಡು ಬಗೆಯದು. ಮೊದಲನೆಯದು ‘ಟ್ರೆಬಲ್ ಬ್ಲೀಡ್’. ವಾಲ್ಯೂಮ್ ಪಾಟ್‌ನ ಪಿಕಪ್ ಕಾಲಿಗೂ ನಡುಗಾಲಿಗೂ ಅಡ್ಡಲಾಗಿ ಒಂದು ಚಿಕ್ಕ ಕೆಪಾಸಿಟರ್ ಬೆಸೆಯುವುದು, 680ರಿಂದ 1,000 ಪಿಕೊಫ್ಯಾರಡ್‌ವರೆಗಿನದು. ನಾಬ್ ಇಳಿಸಿದಾಗ ಮಂದ್ರ, ಮಧ್ಯಗಳು ಕಾರ್ಬನ್ ಪಟ್ಟಿಯ ದಾರಿ ಹಿಡಿದರೆ ತಾರ ಈ ಅಡ್ಡದಾರಿಯಲ್ಲಿ ದಾಟಿಕೊಳ್ಳುತ್ತದೆ. 1960ರ ದಶಕದ ಕೊನೆಯ ಹೊತ್ತಿಗೆ ಟೆಲಿಕಾಸ್ಟರಿಗೆ ಕಾರ್ಖಾನೆಯಲ್ಲೇ ಇದನ್ನು ಹಾಕಿ ಕಳಿಸತೊಡಗಿದರು. ಒಂಟಿ ಕೆಪಾಸಿಟರ್ ಹಾಕಿದಾಗ ವಾಲ್ಯೂಮ್ ತೀರಾ ಇಳಿಸಿದರೆ ಸದ್ದು ಸಪೂರವಾಗಿ ಕಿವಿಗೆ ಚುಚ್ಚುತ್ತದೆ. ಅದಕ್ಕೆಂದೇ ಜೊತೆಗೊಂದು 150 ಕಿಲೋ ಓಮ್ ರೆಸಿಸ್ಟರ್ ಸೇರಿಸುವುದುಂಟು. ಎರಡನೆಯ ಪರಿಹಾರಕ್ಕೆ ಹೊಸ ಸಾಮಾನೇ ಬೇಡ, ಒಂದು ತಂತಿಯ ಜಾಗ ಬದಲಿಸಿದರೆ ಸಾಕು.

ಈ ಎರಡನೆಯದನ್ನು ಬಲ್ಲವರು ‘ಫಿಫ್ಟೀಸ್ ವೈರಿಂಗ್’ ಎನ್ನುತ್ತಾರೆ. 1950ರ ದಶಕದ ಲೆಸ್ ಪಾಲ್ ಗಿಟಾರುಗಳಲ್ಲಿ ಟೋನ್ ಕಡೆಗೆ ಹೋಗುವ ತಂತಿಯನ್ನು ವಾಲ್ಯೂಮ್ ಪಾಟ್‌ನ ನಡುಗಾಲಿಗೆ ಬೆಸೆಯುತ್ತಿದ್ದರು. ಆಮೇಲಿನ ಕಾಲದಲ್ಲಿ ಅದು ಪಿಕಪ್ ಬರುವ ಕಾಲಿಗೆ ಸರಿಯಿತು. ಅರ್ಧ ಅಂಗುಲದ ವ್ಯತ್ಯಾಸ. ಹೊಸ ಪದ್ಧತಿಯಲ್ಲಿ ವಾಲ್ಯೂಮ್ ಎಲ್ಲೇ ಇರಲಿ, ಪಿಕಪ್ ತನ್ನ ಹೆಗಲ ಮೇಲೆ ವಾಲ್ಯೂಮ್ ಪಾಟ್, ಟೋನ್ ಪಾಟ್ ಎರಡರ ಹೊರೆಯನ್ನೂ ಸದಾ ಹೊತ್ತಿರುತ್ತದೆ. ಹಳೆಯದರಲ್ಲಿ ವಾಲ್ಯೂಮ್ ಇಳಿಸುತ್ತಾ ಹೋದಂತೆ ಟೋನ್‌ನ ಹೊರೆ ಪಿಕಪ್‌ನಿಂದ ದೂರ ಸರಿಯುತ್ತದೆ, ತಾರ ಹೆಚ್ಚು ಉಳಿಯುತ್ತದೆ. ಇದಕ್ಕೆ ತೆರುವ ಬೆಲೆಯೆಂದರೆ, ಎರಡು ನಾಬ್‌ಗಳೂ ಒಂದರ ಕೆಲಸದಲ್ಲಿ ಇನ್ನೊಂದು ಕೈಹಾಕುತ್ತವೆ. ಟೋನ್ ಇಳಿಸಿದರೆ ವಾಲ್ಯೂಮೂ ಒಂಚೂರು ಬೀಳುತ್ತದೆ. ನನಗೆ ಇದೇ ಇಷ್ಟ. ನಾಬ್ ತಿರುಗಿಸುತ್ತಾ ನುಡಿಸುವವರಿಗೆ ಈ ಪರಸ್ಪರ ಹೆಣಿಗೆ ಬೇಕಾದದ್ದೇ. ಹತ್ತರಲ್ಲಿಟ್ಟು ಮರೆಯುವವರಿಗೆ ಎರಡೂ ಒಂದೇ.

ಟೋನ್ ನಾಬ್ ಎಂದರೆ ಪಾಟ್ ಜೊತೆಗೆ ಒಂದು ಕೆಪಾಸಿಟರ್. ಲೆಸ್ ಪಾಲ್‌ನಲ್ಲಿ ಸಾಮಾನ್ಯವಾಗಿ 0.022 ಮೈಕ್ರೊಫ್ಯಾರಡ್. ಫೆಂಡರ್ ಆರಂಭದಲ್ಲಿ 0.1 ಬಳಸುತ್ತಿತ್ತು, ಕ್ರಮೇಣ ಅದಕ್ಕಿಂತ ಚಿಕ್ಕದಕ್ಕೆ ಇಳಿಯಿತು. ಕೇಬಲ್ ಕದ್ದುಮುಚ್ಚಿ ಮಾಡುವ ಕೆಲಸವನ್ನು ಇದು ನಮ್ಮ ಅಪ್ಪಣೆಯಂತೆ ಮಾಡುತ್ತದೆ. 0.022ರ ಕೆಪಾಸಿಟರ್ 100 ಹರ್ಟ್ಜ್ ಕಂಪನಕ್ಕೆ 72 ಕಿಲೋ ಓಮ್‌ನಷ್ಟು ತಡೆ ಒಡ್ಡಿದರೆ 5,000 ಹರ್ಟ್ಜ್‌ಗೆ ಒಡ್ಡುವ ತಡೆ ಒಂದೂವರೆ ಕಿಲೋ ಓಮ್‌ಗಿಂತಲೂ ಕಡಿಮೆ. ನಾಬ್ ಹತ್ತರಲ್ಲಿದ್ದಾಗ ಅದರ ದಾರಿಯಲ್ಲಿ ಪಾಟ್‌ನ ಪೂರ್ತಿ ರೋಧ ಅಡ್ಡ ನಿಂತಿರುತ್ತದೆ. ಇಳಿಸುತ್ತಾ ಹೋದಂತೆ ಅಡ್ಡಿ ಸರಿದು ತಾರ ಗ್ರೌಂಡಿಗೆ ಹರಿಯುತ್ತದೆ.

ಗಿಟಾರಿನ ಅತಿ ಕೆಳಗಿನ ಸ್ವರ 82 ಹರ್ಟ್ಜ್. ಇಪ್ಪತ್ತೆರಡನೇ ಫ್ರೆಟ್‌ನಲ್ಲಿ ಸಿಗುವ ಅತಿ ಮೇಲಿನ ಸ್ವರ 1,175 ಹರ್ಟ್ಜ್. ಅದರಾಚೆಗೆ ಕೇಳುವುದೆಲ್ಲ ಉಪಸ್ವರಗಳೇ. ಟೋನ್ ನಾಬ್ ಹೆಚ್ಚಾಗಿ ಮುಟ್ಟುವುದು ಈ ಉಪಸ್ವರಗಳನ್ನು. ನುಡಿಸಿದ ಸ್ವರ ಹಾಗೆಯೇ ಇದ್ದು ಅದರ ಮೈಬಣ್ಣ ಬದಲಾಗುತ್ತದೆ.

ಟೋನ್ ಪೂರ್ತಿ ಸೊನ್ನೆಗೆ ಇಳಿಸಿದಾಗ ಮಾತ್ರ ಇನ್ನೊಂದು ಸಂಗತಿ ನಡೆಯುತ್ತದೆ. ಪಿಕಪ್‌ನ ಸುರುಳಿಗೂ ಕೆಪಾಸಿಟರಿಗೂ ನೇರ ಸಂಬಂಧ ಕೂಡುತ್ತದೆ. ಸುರುಳಿ, ಕೆಪಾಸಿಟರ್ ಎರಡೂ ಸೇರಿದರೆ ಅವುಗಳಿಗೆ ತಮ್ಮದೇ ಆದ ಒಂದು ಅನುರಣನ ಇರುತ್ತದೆ. ಎರಡು ಸುರುಳಿಗಳ ಹಂಬಕರ್ ಪಿಕಪ್‌ನ ಇಂಡಕ್ಟನ್ಸ್ ನಾಲ್ಕೂವರೆ ಹೆನ್ರಿ ಎಂದಿಟ್ಟುಕೊಂಡರೆ 0.022ರ ಜೊತೆ ಅದು 500 ಹರ್ಟ್ಜ್ ಸುಮಾರಿಗೆ ಬಂದು ಕೂರುತ್ತದೆ. ತಾರ ಕತ್ತರಿಸಿಹೋಗಿ ಮಧ್ಯದಲ್ಲಿ ಒಂದು ಉಬ್ಬು ಏಳುತ್ತದೆ. ಎರಿಕ್ ಕ್ಲಾಪ್ಟನ್ ‘ಕ್ರೀಮ್’ ತಂಡದಲ್ಲಿದ್ದಾಗ ಟೋನ್ ನಾಬ್ ಪೂರ್ತಿ ಇಳಿಸಿ, ವಾಲ್ಯೂಮ್ ಪೂರ್ತಿ ಏರಿಸಿ, ಜೋರಾಗಿ ಒದರುವ ಆ್ಯಂಪ್‌ಗೆ ಕೊಟ್ಟು ತೆಗೆದ ನಾದ ‘ವುಮನ್ ಟೋನ್’ ಎಂದೇ ಹೆಸರಾಯಿತು. 1967ರ ‘ಸನ್‌ಶೈನ್ ಆಫ್ ಯುವರ್ ಲವ್’ ಹಾಡಿನ ಸೋಲೊದಲ್ಲಿ ಅದನ್ನು ಕೇಳಬಹುದು. ಅದಕ್ಕೆ ಹೊಸ ಪೆಡಲ್ ಬೇಕಿಲ್ಲ. ಗಿಟಾರಿನಲ್ಲೇ ಕುಳಿತಿರುವ ಒಂದು ಕೆಪಾಸಿಟರ್ ಬೇಕು, ಜೋರಾದ ಒಂದು ಆ್ಯಂಪ್ ಬೇಕು.

ಕೆಪಾಸಿಟರ್ ಎಂದ ಕೂಡಲೇ ಒಂದು ಜಗಳ ಏಳುತ್ತದೆ. ಎಣ್ಣೆಯಲ್ಲಿ ನೆನೆಸಿದ ಕಾಗದದ್ದು ಮಧುರ, ಸೆರಾಮಿಕ್ ಒರಟು, 1950ರ ದಶಕದ ಪಟ್ಟೆಪಟ್ಟೆಯ ‘ಬಂಬಲ್‌ಬೀ’ಯಂಥದು ಇನ್ನೊಂದಿಲ್ಲ ಎಂದು ವಾದಿಸುವವರಿದ್ದಾರೆ. ಹಳೆಯವಕ್ಕೆ ದುಬಾರಿ ಬೆಲೆ ಕೊಡುವವರೂ ಇದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಆ ಕಾಲದ ಕೆಪಾಸಿಟರುಗಳು ನೂರಾರು ವೋಲ್ಟ್ ತಡೆಯುವಂತೆ ತಯಾರಾದದ್ದು ವಾಲ್ವ್ ರೇಡಿಯೊ, ಆ್ಯಂಪ್‌ಗಳಿಗಾಗಿ. ಗಿಟಾರಿನೊಳಗೆ ಒಂದು ವೋಲ್ಟ್ ಕೂಡ ನೆಟ್ಟಗೆ ಇರುವುದಿಲ್ಲ. ಕಿವಿಗೆ ಗೊತ್ತಾಗುವುದು ಕೆಪಾಸಿಟರಿನ ಮೌಲ್ಯ, ಅದನ್ನು ಯಾವುದರಿಂದ ಮಾಡಿದ್ದಾರೆ ಎಂಬುದಲ್ಲ. ಹಳೆಯ ಕೆಪಾಸಿಟರುಗಳ ನಿಜವಾದ ಮೌಲ್ಯ ಮೇಲೆ ಬರೆದದ್ದಕ್ಕಿಂತ ಶೇಕಡಾ 20ರಷ್ಟು ಆಚೀಚೆ ಇರುವುದು ಸಾಮಾನ್ಯ. ಎರಡು ಕೆಪಾಸಿಟರುಗಳ ನಡುವೆ ಕೇಳುವ ವ್ಯತ್ಯಾಸ ಅಲ್ಲಿಂದ ಬರುತ್ತದೆ. ಪಾಟ್‌ಗಳದ್ದೂ ಇದೇ ಪಾಡು. 500 ಎಂದು ಅಚ್ಚೊತ್ತಿದ್ದು ಮಲ್ಟಿಮೀಟರಿಗೆ 400 ತೋರಿಸಬಹುದು, 600 ತೋರಿಸಬಹುದು. ಒಂದೇ ಕಾರ್ಖಾನೆಯಿಂದ ಒಂದೇ ದಿನ ಹೊರಬಿದ್ದ ಎರಡು ಗಿಟಾರುಗಳು ಬೇರೆ ಬೇರೆಯಾಗಿ ಕೇಳಿದರೆ ಮರದ ಮೇಲೆ ಹೊರಿಸುವ ಮುಂಚೆ ಮೀಟರ್ ಹಿಡಿದು ನೋಡುವುದು ಒಳ್ಳೆಯದು.

ಹತ್ತರಲ್ಲಿದ್ದಾಗಲೂ ನಾಬ್ ಕಳೆಯುತ್ತಿರುತ್ತದೆ ಎಂದು ಮೊದಲೇ ಹೇಳಿದೆನಲ್ಲ, ಅದನ್ನು ಸ್ಟ್ರ್ಯಾಟೊಕ್ಯಾಸ್ಟರ್ ಚೆನ್ನಾಗಿ ತೋರಿಸಿಕೊಡುತ್ತದೆ. ಅದರಲ್ಲಿ ಮೂರು ಪಿಕಪ್, ಒಂದು ವಾಲ್ಯೂಮ್, ಎರಡು ಟೋನ್. ಮೂಲ ವೈರಿಂಗ್‌ನಲ್ಲಿ ತಂತಿಗಳು ಬಂದು ಕೂರುವ ಬ್ರಿಡ್ಜ್ ಬಳಿಯ ಪಿಕಪ್‌ಗೆ ಟೋನ್ ನಾಬೇ ಇಲ್ಲ. ಕುತ್ತಿಗೆಯ ಮತ್ತು ನಡುವಿನ ಪಿಕಪ್‌ಗಳು 250 ಕಿಲೋ ಓಮಿನ ಎರಡು ಪಾಟ್‌ಗಳ ಹೊರೆ ಹೊತ್ತರೆ, ಎಂದರೆ ಒಟ್ಟು 125ರ ಹೊರೆ ಹೊತ್ತರೆ, ಬ್ರಿಡ್ಜ್ ಪಿಕಪ್ ಹೊರುವುದು ವಾಲ್ಯೂಮಿನ 250 ಮಾತ್ರ. ಓಮ್ ಹೆಚ್ಚಾದಷ್ಟೂ ಹೊರೆ ಹಗುರ. ಮೊದಲೇ ಚೂಪಾದ ಜಾಗದಲ್ಲಿ ಕುಳಿತ ಪಿಕಪ್ ಇದರಿಂದ ಇನ್ನಷ್ಟು ಚೂಪಾಗುತ್ತದೆ. ಚುರುಕು ಬೇಕೆಂದವರಿಗೆ ಅದು ವರ, ಉಳಿದವರಿಗೆ ಕಿವಿನೋವು. ಎರಡನೇ ಟೋನ್ ನಾಬ್‌ನಿಂದ ಒಂದು ಚಿಕ್ಕ ತಂತಿಯನ್ನು ಸ್ವಿಚ್ಚಿನ ಬ್ರಿಡ್ಜ್ ಕಾಲಿಗೆ ಎಳೆದರೆ ನೋವು ಹೋಗುತ್ತದೆ. ರಿಪೇರಿಯವರು ದಿನನಿತ್ಯ ಮಾಡಿಕೊಡುವ ಕೆಲಸ ಇದು. ಗಿಬ್ಸನ್‌ಗಾಗಿ ಸೆತ್ ಲವರ್ ರೂಪಿಸಿದ ಹಂಬಕರ್ ಸ್ವಭಾವತಃ ದಪ್ಪನೆಯ ನಾದದ್ದಾದ್ದರಿಂದ ಅದಕ್ಕೆ 500ರ ಪಾಟ್ ಹಾಕಿ ಹೊರೆ ಇಳಿಸುವುದು ರೂಢಿ.

ಲೆಸ್ ಪಾಲ್‌ಗೆ ತನ್ನದೇ ಒಂದು ವಿಚಿತ್ರವಿದೆ. ಅದರಲ್ಲಿ ಎರಡು ಪಿಕಪ್‌ಗೆ ಎರಡು ವಾಲ್ಯೂಮ್, ಎರಡು ಟೋನ್. ಸ್ವಿಚ್ ನಡುವಿನಲ್ಲಿಟ್ಟು ಎರಡೂ ಪಿಕಪ್ ನುಡಿಸುತ್ತಿರುವಾಗ ಒಂದರ ವಾಲ್ಯೂಮ್ ಸೊನ್ನೆಗಿಳಿಸಿದರೆ ಇನ್ನೊಂದರದೂ ಸೇರಿ ಪೂರ್ತಿ ನಿಶ್ಶಬ್ದ. ಸೊನ್ನೆಗೆ ಬಂದ ನಾಲಗೆ ಎರಡಕ್ಕೂ ಸೇರಿದ ತಂತಿಯನ್ನು ಗ್ರೌಂಡಿಗೆ ಮುಟ್ಟಿಸಿಬಿಡುವುದೇ ಕಾರಣ. ಫೆಂಡರ್ ಜಾಝ್ ಬಾಸ್‌ನಲ್ಲಿ ಪಿಕಪ್ ಅನ್ನು ನಡುಗಾಲಿಗೆ ಬೆಸೆದು ಇದನ್ನು ತಪ್ಪಿಸಿದ್ದಾರೆ. ಆದರೆ ಈ ದೋಷವನ್ನೇ ಗುಣ ಮಾಡಿಕೊಂಡವರುಂಟು. ಒಂದು ವಾಲ್ಯೂಮನ್ನು ಸೊನ್ನೆಯಲ್ಲಿಟ್ಟು, ಇನ್ನೊಂದನ್ನು ಏರಿಸಿ, ಸ್ವಿಚ್ಚನ್ನು ಪಟಪಟನೆ ಆಡಿಸಿ ಸ್ವರವನ್ನು ತುಂಡುತುಂಡಾಗಿಸುತ್ತಾರೆ.

ನಾಬ್ ಅನ್ನು ವಾದ್ಯವಾಗಿಯೇ ನುಡಿಸಿದವರ ಪಟ್ಟಿಯಲ್ಲಿ ರಾಯ್ ಬುಕ್ಯಾನನ್ ಹೆಸರು ಮೊದಲು ಬರಬೇಕು. ಟೆಲಿಕಾಸ್ಟರ್ ಹಿಡಿದ ಆತ ತಂತಿ ಮೀಟಿದ ಮೇಲೆ ಕಿರುಬೆರಳಿನಿಂದ ವಾಲ್ಯೂಮ್ ಏರಿಸುತ್ತಿದ್ದ. ಮೀಟಿನ ಪೆಟ್ಟು ಕೇಳಿಸದೆ ಸ್ವರ ಮಾತ್ರ ಮೆಲ್ಲನೆ ಎದ್ದು ಬರುತ್ತಿತ್ತು, ಕಮಾನಿನಿಂದ ಎಳೆದ ಪಿಟೀಲಿನ ಸ್ವರ ಬಂದಂತೆ. ಜೆಫ್ ಬೆಕ್ 1975ರ ‘ಬ್ಲೋ ಬೈ ಬ್ಲೋ’ ಆಲ್ಬಮ್ಮಿನ ‘ಕಾಸ್ ವೀವ್ ಎಂಡೆಡ್ ಆ್ಯಸ್ ಲವರ್ಸ್’ ಅನ್ನು ಅದೇ ಬುಕ್ಯಾನನ್‌ಗೆ ಅರ್ಪಿಸಿದ. ಅದರ ಶುರುವಿನಲ್ಲಿ ಸ್ವರಗಳು ಹಾಗೆಯೇ ಏಳುವುದನ್ನು ಕೇಳಿ. ಸ್ಟ್ರ್ಯಾಟೊಕ್ಯಾಸ್ಟರಿನ ವಾಲ್ಯೂಮ್ ನಾಬ್ ಬಲಗೈ ಕಿರುಬೆರಳಿಗೆ ಎಟಕುವಷ್ಟು ಹತ್ತಿರವಿರುವುದು ಇಂಥ ನುಡಿಸಾಣಿಕೆಗೆ ಬಲು ಅನುಕೂಲ. ನಾಬ್ ತಾನಾಗಿ ತಿರುಗುತ್ತದೆ ಎಂದು ಕೆಲವರು ಗೊಣಗುವುದೂ ಅದೇ ಹತ್ತಿರದಿಂದಾಗಿ. ಜಿಮಿ ಹೆಂಡ್ರಿಕ್ಸ್ ಬಲಗೈಯವರ ಸ್ಟ್ರ್ಯಾಟೊಕ್ಯಾಸ್ಟರನ್ನು ತಲೆಕೆಳಗು ಮಾಡಿ ಎಡಗೈಯಲ್ಲಿ ನುಡಿಸುತ್ತಿದ್ದರಿಂದ ಅವನಿಗೆ ನಾಬ್‌ಗಳು ತಂತಿಗಳ ಮೇಲ್ಬದಿಗಿದ್ದವು. 1966ರಲ್ಲಿ ಬಂದ ‘ಫಝ್ ಫೇಸ್’ ಪೆಡಲ್ ಅವನ ಆಯುಧವಾಗಿತ್ತು. ಗಿಟಾರಿನ ವಾಲ್ಯೂಮ್ ಒಂದೆರಡು ಅಂಕಿ ಇಳಿಸಿದರೆ ಆ ಪೆಡಲ್ಲಿನ ಗರಗರ ತಿಳಿಯಾಗಿ ಗಾಜಿನಂಥ ಸದ್ದು ಬರುತ್ತದೆ. ವಾಲ್ವ್ ಆ್ಯಂಪ್‌ಗಳೂ ಹಾಗೆಯೇ. ಆ್ಯಂಪ್ ಒದರುವ ಅಂಚಿನಲ್ಲಿದ್ದರೆ ಗಿಟಾರಿನ ವಾಲ್ಯೂಮ್ ಸದ್ದಿನ ಪ್ರಮಾಣಕ್ಕಿಂತ ಅದರ ಒರಟುತನವನ್ನು ಆಳುತ್ತದೆ. ಏಳರಲ್ಲಿ ಹಾಡಿಗೆ ಜೊತೆ, ಹತ್ತರಲ್ಲಿ ಸೋಲೊ. ಕಾಲು ಅಲುಗಿಸಬೇಕಿಲ್ಲ.

ಗಿಟಾರ್ ಬಿಚ್ಚಿ ನೋಡಲು ಹೆದರಬೇಕಾದದ್ದಿಲ್ಲ. ಸ್ಟ್ರ್ಯಾಟೊಕ್ಯಾಸ್ಟರಿನಲ್ಲಿ ತಂತಿ ಸಡಿಲಿಸಿ, ಮುಂದಿನ ಪ್ಲಾಸ್ಟಿಕ್ ಫಲಕದ ಸ್ಕ್ರೂ ತೆಗೆದರೆ ಎಲ್ಲವೂ ಒಟ್ಟಿಗೆ ಎದ್ದು ಬರುತ್ತದೆ. ಲೆಸ್ ಪಾಲ್‌ನಲ್ಲಾದರೆ ಹಿಂಬದಿಗೆ ಒಂದು ಮುಚ್ಚಳ. ಪಾಟ್‌ನ ಲೋಹದ ಬೆನ್ನಿನ ಮೇಲೆ ಬೆಸುಗೆಯ ಹೊಳೆಯುವ ಗುಡ್ಡೆಗಳು ಕಾಣುತ್ತವೆ. ಗ್ರೌಂಡ್ ತಂತಿಗಳೆಲ್ಲ ಸೇರುವುದು ಅಲ್ಲಿ. ಹಳೆಯ ಅಮೆರಿಕನ್ ಪಾಟ್ ಆಗಿದ್ದರೆ ಅದೇ ಬೆನ್ನಿನ ಮೇಲೆ ಅಂಕಿಗಳೂ ಇರುತ್ತವೆ. 1376625 ಎಂದಿದ್ದರೆ 137 ಎಂಬುದು ಸಿಟಿಎಸ್ ಕಂಪನಿಯ ಸಂಕೇತ, 66 ಎಂದರೆ 1966, 25 ಎಂದರೆ ಆ ವರ್ಷದ ಇಪ್ಪತ್ತೈದನೇ ವಾರ. 304 ಇದ್ದರೆ ಸ್ಟ್ಯಾಕ್‌ಪೋಲ್. ಹಳೆಯ ಗಿಟಾರ್ ಕೊಳ್ಳುವವರು ಮೈಬಣ್ಣ ನೋಡಿ ಮರುಳಾಗದೆ ಈ ಅಂಕಿಗಳನ್ನು ಓದಿ ವಯಸ್ಸು ಅಳೆಯುತ್ತಾರೆ. ಗಿಟಾರ್ ಈ ಪಾಟ್‌ಗಿಂತ ಹಳೆಯದೆಂದು ಯಾರಾದರೂ ಹೇಳಿದರೆ ಪಾಟ್ ಬದಲಾಗಿದೆ ಎಂದೋ ಮಾತು ಸುಳ್ಳೆಂದೋ ತಿಳಿಯಬೇಕು.

ಬೆಸುಗೆ ಹಾಕುವವರಿಗೆ ಒಂದು ಕಿವಿಮಾತು. ಪಾಟ್‌ನ ಬೆನ್ನು ಶಾಖವನ್ನು ಹೀರಿಕೊಳ್ಳುತ್ತದೆ. 25 ವ್ಯಾಟಿನ ಸಣ್ಣ ಸೋಲ್ಡರಿಂಗ್ ಐರನ್ ಹಿಡಿದು ನಿಮಿಷಗಟ್ಟಲೆ ಕಾಯಿಸಿದರೆ ಬೆಸುಗೆ ಕೂರುವುದಿಲ್ಲ, ಒಳಗಿನ ಕಾರ್ಬನ್ ಪಟ್ಟಿ ಮಾತ್ರ ಸುಟ್ಟುಹೋಗುತ್ತದೆ. ಸ್ವಲ್ಪ ಹೆಚ್ಚು ವ್ಯಾಟಿನ, ಅಗಲ ಮೂತಿಯ ಐರನ್ ಬಳಸಿ, ಜಾಗವನ್ನು ಮರಳು ಕಾಗದದಿಂದ ಉಜ್ಜಿ, ಕೆಲವೇ ಸೆಕೆಂಡಿನಲ್ಲಿ ಮುಗಿಸಬೇಕು. ನಾಬ್ ತಿರುಗಿಸಿದಾಗ ಕರಕರ ಸದ್ದು ಬರುತ್ತಿದ್ದರೆ ಪಾಟ್ ಬದಲಿಸುವ ಮೊದಲು ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಇಪ್ಪತ್ತು ಸಲ ತಿರುಗಿಸಿ ನೋಡಿ. ಬಹಳ ಸಲ ಅಷ್ಟೇ ಸಾಕಾಗುತ್ತದೆ.

ಒಳಗಿನ ತಂತಿಗಳಲ್ಲಿ ಒಂದು ಬ್ರಿಡ್ಜಿಗೆ ಹೋಗಿ ಸೇರಿರುತ್ತದೆ. ನುಡಿಸುವ ತಂತಿ ಮುಟ್ಟಿದೊಡನೆ ಗುಂಯ್‌ಗುಡುವ ಸದ್ದು ತಗ್ಗುವುದು ಅದರಿಂದಲೇ. ನುಡಿಸುವವನ ಮೈಯೂ ಗ್ರೌಂಡಿಗೆ ಕೂಡಿಕೊಳ್ಳುತ್ತದೆ. ಬ್ರಿಡ್ಜಿಗೆ ಸೇರಿದ ಇದೇ ತಂತಿ ಅಪಾಯವನ್ನೂ ತರಬಲ್ಲದು. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ‘ಸ್ಟೋನ್ ದ ಕ್ರೋಸ್’ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ವೇದಿಕೆಯ ಮೇಲೆಯೇ ಸತ್ತ. ಒಂದು ಕೈಯಲ್ಲಿ ಗಿಟಾರಿನ ತಂತಿ, ಇನ್ನೊಂದು ಕೈ ಅರ್ಥಿಂಗ್ ಸರಿಯಿಲ್ಲದ ಮೈಕಿನ ಮೇಲೆ. ನಮ್ಮ ಬೀದಿಯ ಪೆಂಡಾಲ್‌ಗಳಲ್ಲಿ ಜನರೇಟರಿನಿಂದ ಎಳೆದ ವೈರು, ಅರ್ಥ್ ಪಿನ್ ಮುರಿದ ಪ್ಲಗ್ಗು, ಎರಡೇ ತೂತಿನ ಎಕ್ಸ್‌ಟೆನ್ಷನ್ ಬಾಕ್ಸು ಈಗಲೂ ಕಾಣಸಿಗುತ್ತವೆ. ಮೈಕಿಗೆ ತುಟಿ ತಾಗಿದಾಗ ಜುಮ್ ಎಂದರೆ ನಕ್ಕು ಸುಮ್ಮನಾಗಬೇಡಿ. ನುಡಿಸುವುದನ್ನು ನಿಲ್ಲಿಸಿ ಅರ್ಥಿಂಗ್ ನೋಡಿಸಿ. ಗುಂಯ್ ಸದ್ದು ನಿಲ್ಲಲೆಂದು ಆ್ಯಂಪ್‌ನ ಅರ್ಥ್ ಪಿನ್ ಕಿತ್ತು ನುಡಿಸುವ ಅಭ್ಯಾಸವಂತೂ ಯಾರಿಗೂ ಬೇಡ.

ಹೊಸ ಪಿಕಪ್‌ಗೆ ಹಣ ಹಾಕಬೇಕೆಂದಿದ್ದರೆ ಒಂದು ವಾರ ತಡೆಯಿರಿ. ಆ್ಯಂಪ್ ಅನ್ನು ಎಂದಿಗಿಂತ ಸ್ವಲ್ಪ ಜೋರು ಮಾಡಿ, ಗಿಟಾರಿನ ವಾಲ್ಯೂಮನ್ನು 7ಕ್ಕೆ, ಟೋನನ್ನು 6ಕ್ಕೆ ತಂದು ನುಡಿಸಿ. ಬೇಕಾದಾಗ ಮಾತ್ರ ಮೇಲೇರಿಸಿ. ವಾಲ್ಯೂಮ್ ಇಳಿಸಿದಾಗ ತಾರ ಮಂಕಾಗುತ್ತಿದ್ದರೆ ರಿಪೇರಿಯವರ ಬಳಿ ಹೋಗಿ ಟೋನ್ ತಂತಿಯನ್ನು ನಡುಗಾಲಿಗೆ ಬದಲಿಸಿಕೊಡಲು ಹೇಳಿ, ಇಲ್ಲವೇ ಒಂದು ಟ್ರೆಬಲ್ ಬ್ಲೀಡ್ ಹಾಕಿಸಿ. ಒಂದು ಪಿಕಪ್‌ನ ಬೆಲೆಯ ಮುಂದೆ ಇವಕ್ಕಾಗುವ ಖರ್ಚು ಏನೇನೂ ಅಲ್ಲ.